ಸಂಚಾರಿ ವೃಕ್ಷಕುಂಡಗಳು: ತಯಾರಕರೂ ವರ್ತಕರೂ ಅರಿಯಬೇಕಾದ ಲೆಕ್ಕ

ಈಚೆಗೆ ಒಂದೇ ವಾರದಲ್ಲಿ ನಮ್ಮ ಕಛೇರಿಗೆ ಬಂದ ಇಬ್ಬರು ಕಕ್ಷಿದಾರರು ಒಂದೇ ವಸ್ತುವಿನ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಿದರು. ಮೊದಲನೆಯವರು ಯಶವಂತಪುರದ ಸಮೀಪ ಶೀಟ್ ಮೆಟಲ್ ಘಟಕ ನಡೆಸುವವರು. ಸಮಾರಂಭವೊಂದರ ಆಯೋಜಕರಿಗೆ 40 ದೊಡ್ಡ ಉಕ್ಕಿನ ಕುಂಡಗಳನ್ನು ಗಿಡಸಹಿತ ಸರಬರಾಜು ಮಾಡಿದ್ದರು. ಸಮಾರಂಭ ಮುಗಿದು ಬೇಸಿಗೆ ಬಂದಾಗ ನೀರು ಹಾಕುವವರಿಲ್ಲದೆ ಬಹುಪಾಲು ಗಿಡಗಳು ಒಣಗಿದವು. ಆಯೋಜಕರು ಬಿಲ್ಲಿನ ಕಾಲು ಭಾಗವನ್ನು ತಡೆಹಿಡಿದರು. "ಆಡಿಟರ್ ಸಾರ್, ನಾನು ಮಾರಿದ್ದು ಡಬ್ಬ. ಗಿಡ ಸತ್ತರೆ ನನ್ನ ದುಡ್ಡು ಯಾಕೆ ನಿಲ್ಲಬೇಕು?" ಎಂಬುದು ಅವರ ಪ್ರಶ್ನೆ.

ಎರಡನೆಯವರು ಆರ್.ಟಿ. ನಗರದ ವರ್ತಕರು. ಅಂಗಡಿಯ ಮುಂದೆ ಅಂದಕ್ಕೆಂದು ಆರು ಕುಂಡಗಳನ್ನು ಇರಿಸಿದ್ದರು. ಅವು ಪಾದಚಾರಿ ಮಾರ್ಗದಲ್ಲಿವೆ, ತೆರವುಗೊಳಿಸಿ ಎಂಬ ಸೂಚನೆ ಬಂದಿತ್ತು. ಕುಂಡಗಳ ವೆಚ್ಚವನ್ನು ಲೆಕ್ಕದಲ್ಲಿ ಎಲ್ಲಿ ತೋರಿಸಬೇಕು, ದಂಡ ಕಟ್ಟಬೇಕಾಗಿ ಬಂದರೆ ಅದನ್ನು ಖರ್ಚಿಗೆ ಹಾಕಬಹುದೇ ಎಂದು ಅವರು ಕೇಳಿದರು.

ಈ ಎರಡು ಪ್ರಶ್ನೆಗಳಿಗೂ ಉತ್ತರ ಹುಡುಕುತ್ತಾ ಹೋದಾಗ ಒಂದು ಸಂಗತಿ ಸ್ಪಷ್ಟವಾಯಿತು. ಪ್ಲಾಂಟರ್ ಎಂದು ಪೇಟೆಯಲ್ಲಿ ಕರೆಯಲಾಗುವ, ಒಂದೆಡೆಯಿಂದ ಮತ್ತೊಂದೆಡೆಗೆ ಒಯ್ಯಬಹುದಾದ ಈ ವೃಕ್ಷಕುಂಡದಲ್ಲಿ ಪೆಟ್ಟಿಗೆಯ ಬೆಲೆ ಸಣ್ಣ ವಿಷಯ. ಅದು ಯಾರದು, ಎಲ್ಲಿ ನಿಂತಿದೆ, ಯಾರು ನೀರು ಹಾಕುತ್ತಾರೆ, ಕೊನೆಗೆ ಗಿಡ ಎಲ್ಲಿಗೆ ಹೋಗುತ್ತದೆ ಎಂಬ ನಾಲ್ಕು ಅಂಶಗಳು ಲಿಖಿತವಾಗಿ ತೀರ್ಮಾನವಾಗದಿದ್ದರೆ ಲಾಭದ ವ್ಯವಹಾರವೂ ನಷ್ಟಕ್ಕೆ ತಿರುಗುತ್ತದೆ. ಈ ಲೇಖನದ ಉದ್ದೇಶ ಅದನ್ನು ವಿವರಿಸುವುದು.

ಹೊಸ ಹೆಸರು, ಹಳೆಯ ಪದ್ಧತಿ

ಗಿಡವನ್ನು ಕುಂಡದಲ್ಲಿ ಬೆಳೆಸಿ ಬೇಕಾದಾಗ ತಂದಿರಿಸಿ ಕೆಲಸವಾದ ನಂತರ ಹಿಂದಕ್ಕೆ ಒಯ್ಯುವುದು ಬೆಂಗಳೂರಿಗೆ ಹೊಸತಲ್ಲ. ಲಾಲ್‌ಬಾಗಿನ ಗಾಜಿನ ಮನೆಗೆ ಶಂಕುಸ್ಥಾಪನೆಯಾದದ್ದು 1889ರಲ್ಲಿ. ಅಲ್ಲಿ ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳು ಬಹುಮಟ್ಟಿಗೆ ಕುಂಡಗಳ ಸಂಚಾರದಿಂದಲೇ ನಡೆಯುವಂಥವು. ಕಲ್ಯಾಣ ಮಂಟಪಗಳಿಗೆ ಅಲಂಕಾರಿಕ ಗಿಡಗಳನ್ನು ಬಾಡಿಗೆಗೆ ಕೊಡುವ ನರ್ಸರಿಗಳೂ ನಮ್ಮಲ್ಲಿ ಬಹುಕಾಲದಿಂದ ಇವೆ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ನಡೆದುಬಂದಿರುವ ಏರೋ ಇಂಡಿಯಾದಂತಹ ದೊಡ್ಡ ಸಮಾರಂಭಗಳು ಬಂದಾಗ ಈ ವ್ಯಾಪಾರಕ್ಕೆ ಬೇಡಿಕೆ ಹೆಚ್ಚುವುದು ಸಹಜ.

ಹೊಸತೇನೆಂದರೆ, ಹೂಗಿಡದ ಬದಲು ಆಳೆತ್ತರದ ಮರವನ್ನೇ ಕುಂಡದಲ್ಲಿಟ್ಟು ಬೀದಿಗೆ ತರುವುದು. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1992ರಿಂದ ಇಂತಹ 'ಸಂಚಾರಿ ಮರಸಾಲು' ನಡೆದುಬಂದಿದೆ. ಮರವಿಲ್ಲದ ಬೀದಿಯಲ್ಲಿ ಕೆಲವು ವಾರ ಈ ಮರಗಳು ನಿಲ್ಲುತ್ತವೆ, ನಿವಾಸಿಗಳು ಆರೈಕೆಗೆ ಕೈಜೋಡಿಸುತ್ತಾರೆ, ಅನಂತರ ಸಾಲು ಮುಂದಿನ ಬೀದಿಗೆ ಹೋಗುತ್ತದೆ. ನೆರಳಿನ ರುಚಿ ಕಂಡ ನಿವಾಸಿಗಳು ಶಾಶ್ವತ ಮರಗಳನ್ನು ಕೇಳಲಿ ಎಂಬುದು ಅದರ ಆಶಯ. ನೆದರ್‌ಲ್ಯಾಂಡ್ಸ್‌ನ ಲೀವಾರ್ಡನ್ ನಗರದಲ್ಲಿ 2022ರ ಬೇಸಿಗೆಯಲ್ಲಿ ಸಾವಿರಕ್ಕೂ ಹೆಚ್ಚು ಮರಗಳನ್ನು ತೊಟ್ಟಿಗಳಲ್ಲಿರಿಸಿ ಸ್ವಯಂಸೇವಕರು ನೂರು ದಿನಗಳ ಕಾಲ ಬೀದಿಯಿಂದ ಬೀದಿಗೆ ತಳ್ಳಿಕೊಂಡು ಹೋದರು. ಬಳಿಕ ಆ ಮರಗಳನ್ನು ನಗರದ ಬಡಾವಣೆಗಳಲ್ಲಿ ನೆಡಲಾಯಿತು. ಈ ಎರಡೂ ಕಡೆ ಕುಂಡವು ಮರದ ತಂಗುದಾಣವಾಗಿತ್ತೇ ಹೊರತು ಕೊನೆಯ ನೆಲೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಉತ್ತರ ಬೆಂಗಳೂರಿನ ಅಗತ್ಯ

ನಮ್ಮ ಭಾಗದ ರಸ್ತೆಗಳ ಸ್ಥಿತಿ ಎಲ್ಲರಿಗೂ ತಿಳಿದದ್ದೇ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗಾಗಿ 800ಕ್ಕೂ ಹೆಚ್ಚು ಮರಗಳನ್ನು ಕಡಿಯಬೇಕಾಗುತ್ತದೆಂದು ತಿಳಿದಾಗ 2016ರಲ್ಲಿ ನಾಗರಿಕರು ದೊಡ್ಡ ಪ್ರಮಾಣದಲ್ಲಿ ವಿರೋಧಿಸಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಆದರೆ ಅಗೆತ ನಿಲ್ಲಲಿಲ್ಲ. ಕೃಷ್ಣರಾಜಪುರದಿಂದ ಹೆಬ್ಬಾಳ, ಯಲಹಂಕದ ಮಾರ್ಗವಾಗಿ ವಿಮಾನ ನಿಲ್ದಾಣಕ್ಕೆ ಮೆಟ್ರೋ ಮಾರ್ಗ, ಬೈಯಪ್ಪನಹಳ್ಳಿಯಿಂದ ಹೆಬ್ಬಾಳ ಮತ್ತು ಯಶವಂತಪುರ ಹಾದು ಚಿಕ್ಕಬಾಣಾವರಕ್ಕೆ ಉಪನಗರ ರೈಲು ಮಾರ್ಗ, ಇವೆಲ್ಲ ಕೈಗೆತ್ತಿಕೊಂಡ ಕಾಮಗಾರಿಗಳು. ಇಂದು ನೆಟ್ಟ ಸಸಿ ನಾಲ್ಕು ವರ್ಷದ ನಂತರ ಅಲ್ಲೇ ಇರುತ್ತದೆಂದು ಯಾರೂ ಖಾತ್ರಿ ಹೇಳಲಾರದ ಜಾಗಗಳು ಇಲ್ಲಿ ಅನೇಕ. ಗುತ್ತಿಗೆ ಅವಧಿ ಮುಗಿದೊಡನೆ ಖಾಲಿ ಮಾಡಬೇಕಾದ ಶೆಡ್ಡು, ಕಾಂಕ್ರೀಟ್ ಹಾಸಿದ ಕಾರ್ಖಾನೆಯ ಅಂಗಳ, ನೆಲದಡಿ ಕೇಬಲ್ ಮತ್ತು ಪೈಪು ತುಂಬಿದ ಅಂಗಡಿ ಮುಂಭಾಗ, ಇಂತಹ ಕಡೆ ಗುಂಡಿ ತೋಡಿ ಮರ ನೆಡುವುದು ಸಾಧ್ಯವಿಲ್ಲ. ಅಲ್ಲಿ ಸಂಚಾರಿ ಕುಂಡ ಉಪಯುಕ್ತ.

ಆದರೆ ನೆಲದಲ್ಲಿ ಬೇರೂರಿದ ದೊಡ್ಡ ಮರವೊಂದು ಕೊಡುವ ನೆರಳನ್ನಾಗಲಿ ತಂಪನ್ನಾಗಲಿ ಒಂದು ಘನ ಮೀಟರಿಗಿಂತ ಕಡಿಮೆ ಮಣ್ಣಿನಲ್ಲಿ ನಿಂತ ಗಿಡ ಕೊಡಲಾರದು. ಕಡಿದ ಮರಕ್ಕೆ ಬದಲಾಗಿ ಕುಂಡ ಇರಿಸಿದ್ದೇವೆಂದು ಲೆಕ್ಕ ತೋರಿಸುವುದು ಸರಿಯಾದ ಲೆಕ್ಕವಲ್ಲ.

ತಯಾರಕರ ಗಮನಕ್ಕೆ: ಗಾತ್ರ ಮತ್ತು ತೂಕ

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಮುಕ್ಕಾಲು ಮೀಟರ್ ಎತ್ತರದ ಕುಂಡವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಒಳಗಾತ್ರ 750 ಲೀಟರ್. ನೆನೆದ ಕೆಂಪು ಮಣ್ಣನ್ನು ಲೀಟರಿಗೆ ಸುಮಾರು 1.7 ಕಿ.ಗ್ರಾಂ. ಎಂದು ಹಿಡಿದರೆ ಮಣ್ಣಿನ ತೂಕವೇ 1,275 ಕಿ.ಗ್ರಾಂ. ಮಣ್ಣಿಗೆ ತೆಂಗಿನ ನಾರಿನ ಪುಡಿ ಹಾಗೂ ಗೊಬ್ಬರ ಬೆರೆಸಿ ಲೀಟರಿಗೆ 1.1 ಕಿ.ಗ್ರಾಂ.ಗೆ ಇಳಿಸಿದರೆ ಅದು 825 ಕಿ.ಗ್ರಾಂ. ಆಗುತ್ತದೆ. ತೊಟ್ಟಿಯನ್ನು 3 ಮಿ.ಮೀ. ಉಕ್ಕಿನ ಹಾಳೆಯಲ್ಲಿ ಮಾಡಿದರೆ ನಾಲ್ಕು ಚದರ ಮೀಟರ್ ಹಾಳೆಗೆ ಸುಮಾರು 94 ಕಿ.ಗ್ರಾಂ. ಅದನ್ನೇ 50 ಮಿ.ಮೀ. ದಪ್ಪದ ಕಾಂಕ್ರೀಟಿನಲ್ಲಿ ಮಾಡಿದರೆ ಖಾಲಿ ತೊಟ್ಟಿಯೇ ಸುಮಾರು 480 ಕಿ.ಗ್ರಾಂ. ಆಗುತ್ತದೆ. ಕಾಂಕ್ರೀಟಿನ ಕುಂಡ ಹೆಸರಿಗೆ ಸಂಚಾರಿಯಾದರೂ ಕ್ರೇನ್ ಇಲ್ಲದೆ ಅಲುಗಾಡದು.

ಗಿಡಸಹಿತ ಒಟ್ಟು ತೂಕ ಹೀಗೆ ಒಂದು ಟನ್ನಿನ ಆಸುಪಾಸಿಗೆ ಬರುತ್ತದೆ. ಜನ 'ಛೋಟಾ ಹಾಥಿ' ಎನ್ನುವ ಸಣ್ಣ ಸರಕು ವಾಹನದಲ್ಲಿ ಇಂತಹ ಒಂದು ಕುಂಡವನ್ನು ಸಾಗಿಸುವುದೂ ಹೊರೆ ಮೀರಿದ ಕೆಲಸ. ಆದುದರಿಂದ ದರಪಟ್ಟಿ ಕೊಡುವ ಮೊದಲು ಸಾಗಾಣಿಕೆ, ಏರಿಳಿಕೆಯ ವೆಚ್ಚವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ತಳದಲ್ಲಿ 100 ಮಿ.ಮೀ. ಎತ್ತರದ ಕಾಲುಗಳನ್ನು ಕೊಟ್ಟರೆ ಪ್ಯಾಲೆಟ್ ಟ್ರಕ್ಕಿನ ಅಥವಾ ಫೋರ್ಕ್‌ಲಿಫ್ಟಿನ ಕೈಗಳು ಅಡಿಗೆ ಹೋಗುತ್ತವೆ. ಚಕ್ರಗಳನ್ನು ಕೊಡುವುದಾದರೆ ಒಂದೊಂದು ಚಕ್ರವೂ ಒಟ್ಟು ತೂಕದ ಮೂರನೆಯ ಒಂದು ಭಾಗವನ್ನು ಹೊರುವಂತಿರಬೇಕು. ಏಕೆಂದರೆ ಏರುಪೇರಿನ ನೆಲದಲ್ಲಿ ನಾಲ್ಕರಲ್ಲಿ ಮೂರೇ ಚಕ್ರಗಳು ನೆಲ ಮುಟ್ಟುವುದುಂಟು. ಅಂಗಡಿಯ ಮುಂಭಾಗಕ್ಕಾದರೆ 60 ಸೆಂ.ಮೀ. ಘನದ ಕುಂಡ ಸಾಕು. ಅದರ ಗಾತ್ರ 216 ಲೀಟರ್, ಹಗುರ ಮಿಶ್ರಣದ ತೂಕ ಸುಮಾರು 238 ಕಿ.ಗ್ರಾಂ.

ಪಶ್ಚಿಮ ಬಿಸಿಲಿಗೆ ನಿಂತ ಉಕ್ಕಿನ ತೊಟ್ಟಿ ಕಾದು ಬೇರನ್ನು ಬೇಯಿಸುತ್ತದೆ. ಒಳಬದಿಗೆ ಥರ್ಮೋಕೋಲ್ ಪದರವನ್ನಾಗಲಿ ಎರಡನೆಯ ಗೋಡೆಯನ್ನಾಗಲಿ ಕೊಡಬೇಕು. ಗಿಡಗಳ ಆಯ್ಕೆಯೂ ಮುಖ್ಯ. ಕಾಗದದ ಹೂ, ದೇವಕಣಗಿಲೆ, ಪಾರಿಜಾತ ಮೊದಲಾದವು ಕುಂಡಕ್ಕೆ ಹೊಂದಿಕೊಳ್ಳುತ್ತವೆ. ಹೊಂಗೆ, ಸಂಪಿಗೆಯಂತಹ ಮರಗಳನ್ನು ಎರಡು ಮೂರು ವರ್ಷ ಕುಂಡದಲ್ಲಿ ಬೆಳೆಸಿ ನೆಲಕ್ಕೆ ಒಪ್ಪಿಸುವುದೇ ಲೇಸು. ಅದಕ್ಕಿಂತ ಹೆಚ್ಚು ಕಾಲ ಇಟ್ಟರೆ ಬೇರು ತೊಟ್ಟಿಯೊಳಗೆ ಸುತ್ತು ಹಾಕಿಕೊಂಡು ಮರ ಸೊರಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ನಗರದ ಸಣ್ಣ ಜಾಗಗಳಿಗಾಗಿ ಲಂಬ ತೋಟದ ಚೌಕಟ್ಟನ್ನೂ, ಕೊಳೆಯಿಸಿ ಹದಗೊಳಿಸಿದ ತೆಂಗಿನ ನಾರಿನ ಪುಡಿಯನ್ನೂ 'ಅರ್ಕಾ' ಹೆಸರಿನಲ್ಲಿ ರೂಪಿಸಿದೆ. ಯಲಹಂಕದ ಕಡೆಯ ತಯಾರಕರಿಗೆ ಆ ಸಂಸ್ಥೆಯೂ ಜಿ.ಕೆ.ವಿ.ಕೆ.ಯ ಕೃಷಿ ವಿಶ್ವವಿದ್ಯಾಲಯವೂ ಕೂಗಳತೆಯಲ್ಲಿವೆ. ವಿನ್ಯಾಸಕ್ಕೆ ಮುನ್ನ ಅಲ್ಲಿ ವಿಚಾರಿಸುವುದು ಒಳಿತು.

ನೀರಿನ ಲೆಕ್ಕ

ಗಿಡ ಸತ್ತರೆ 'ನೀರಿಗೆ ದುಡ್ಡು ಎಲ್ಲಿದೆ?' ಎನ್ನುವುದು ಸಾಮಾನ್ಯ. ಲೆಕ್ಕ ಬೇರೆಯೇ ಹೇಳುತ್ತದೆ. ಬೇಸಿಗೆಯಲ್ಲಿ ಕುಂಡವೊಂದಕ್ಕೆ ದಿನಕ್ಕೆ 15 ಲೀಟರ್ ಎಂದು ಇಟ್ಟುಕೊಳ್ಳೋಣ. 40 ಕುಂಡಗಳಿಗೆ ದಿನಕ್ಕೆ 600 ಲೀಟರ್, 90 ದಿನಗಳಿಗೆ 54,000 ಲೀಟರ್. ಅಂದರೆ 6,000 ಲೀಟರಿನ ಒಂಬತ್ತು ಟ್ಯಾಂಕರ್ ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು 5 ಕಿ.ಮೀ. ಒಳಗಿನ ಇಂತಹ ಒಂದು ಟ್ಯಾಂಕರಿಗೆ 600 ರೂಪಾಯಿ ದರ ನಿಗದಿಪಡಿಸಿತ್ತು. ಆ ದರದಲ್ಲಿ ತೆರಿಗೆ ಬಿಟ್ಟು ಇಡೀ ಬೇಸಿಗೆಯ ನೀರಿನ ವೆಚ್ಚ 5,400 ರೂಪಾಯಿ ಮಾತ್ರ.

ನೀರು ಹಾಕುವ ಆಳಿನ ಲೆಕ್ಕ ನೋಡಿ. ದಿನ ಬಿಟ್ಟು ದಿನದಂತೆ 45 ಸರದಿ, ಸರದಿಗೆ 600 ರೂಪಾಯಿ ಕೂಲಿ ಎಂದರೆ 27,000 ರೂಪಾಯಿ. ಇದು ನೀರಿನ ಬೆಲೆಯ ಐದು ಪಟ್ಟು. ವಾಹನದ ಖರ್ಚು ಬೇರೆ. ಗಿಡಗಳು ಒಣಗುವುದು ನೀರು ದುಬಾರಿಯಾದುದರಿಂದಲ್ಲ, ಹೋಗಿ ಹಾಕುವ ಮನುಷ್ಯನ ಖರ್ಚನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಿಂದ.

ಇಲ್ಲಿಯೇ ತಯಾರಕರಿಗೆ ಒಂದು ಅವಕಾಶವಿದೆ. ಕುಂಡಕ್ಕೆ ಎರಡನೆಯ ತಳ ಕೊಟ್ಟು ಕೆಳಗೆ 80 ಲೀಟರ್ ನೀರು ನಿಲ್ಲುವಂತೆ ಮಾಡಿ, ಬತ್ತಿಯ ಮೂಲಕ ಮಣ್ಣು ಅದನ್ನು ಹೀರುವಂತೆ ಏರ್ಪಡಿಸಿದರೆ ಐದು ದಿನಕ್ಕೊಮ್ಮೆ ತುಂಬಿದರೆ ಸಾಕು. ಆಗ 90 ದಿನಗಳಲ್ಲಿ 18 ಸರದಿ, ಕೂಲಿ 10,800 ರೂಪಾಯಿ. ಉಳಿತಾಯ 16,200 ರೂಪಾಯಿ, ಅಂದರೆ ಕುಂಡಕ್ಕೆ 405 ರೂಪಾಯಿ. ಎರಡನೆಯ ತಳಕ್ಕೆ ಕುಂಡವೊಂದಕ್ಕೆ 1,200 ರೂಪಾಯಿ ಹೆಚ್ಚು ತಗಲಿದರೂ ಮೂರು ಬೇಸಿಗೆಗಳಲ್ಲಿ ಅದು ವಾಪಸಾಗುತ್ತದೆ. ಕೂಲಿಯ ದರವನ್ನೂ ತಳದ ವೆಚ್ಚವನ್ನೂ ಉದಾಹರಣೆಗೆಂದು ಇಟ್ಟುಕೊಂಡಿದ್ದೇನೆ. ಓದುಗರು ತಮ್ಮ ಅಂಕಿಗಳನ್ನು ಹಾಕಿ ನೋಡಬೇಕು.

ಎರಡು ಎಚ್ಚರಿಕೆಗಳಿವೆ. ಒಂದು, 2024ರ ಮಾರ್ಚ್‌ನ ನೀರಿನ ಅಭಾವದಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ತೋಟಗಾರಿಕೆಗೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಆದುದರಿಂದ ಆರಂಭದಿಂದಲೇ ಶುದ್ಧೀಕರಿಸಿದ ಬಳಕೆಯ ನೀರಿನ ಏರ್ಪಾಡು ಮಾಡಿಕೊಳ್ಳಬೇಕು. ಹೆಬ್ಬಾಳ, ಜಕ್ಕೂರು, ಯಲಹಂಕಗಳಲ್ಲಿ ಶುದ್ಧೀಕರಣ ಘಟಕಗಳಿರುವುದು ನಮ್ಮ ಭಾಗಕ್ಕೆ ಅನುಕೂಲ. ಎರಡು, ನಿಂತ ನೀರಿನಲ್ಲಿ ಸೊಳ್ಳೆ ಬೆಳೆಯುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವ ವಾಣಿಜ್ಯ ಸ್ಥಳಗಳಿಗೂ ದಂಡ ವಿಧಿಸುವ ನಿಯಮ ತಂದಿತು. ನೀರು ತುಂಬುವ ಬಾಯಿಗೆ ಜಾಲರಿ ಇರಲೇಬೇಕು.

ಚರವೋ ಸ್ಥಿರವೋ?

ಇನ್ನು ಕಾನೂನಿನ ಪ್ರಶ್ನೆಗೆ ಬರೋಣ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಕಲಮಿನಲ್ಲಿ 'ಭೂಮಿಗೆ ಬಂಧಿತವಾದುದು' ಎಂಬುದನ್ನು ವಿವರಿಸುವಾಗ ಮೊದಲು ಕೊಟ್ಟಿರುವ ಉದಾಹರಣೆಯೇ ನೆಲದಲ್ಲಿ ಬೇರೂರಿದ ಗಿಡಮರಗಳದು. ಕುಂಡದಲ್ಲಿಟ್ಟ ಮರ ಭೂಮಿಯಲ್ಲಿ ಬೇರೂರಿಲ್ಲ. ಬಿಚ್ಚದೆ, ಒಡೆಯದೆ ಇದ್ದ ಹಾಗೆಯೇ ಎತ್ತಿ ಒಯ್ಯಬಹುದಾದುದರಿಂದ ಅದು ಚರಾಸ್ತಿ.

ಈ ವ್ಯತ್ಯಾಸಕ್ಕೆ ಹಣದ ಬೆಲೆಯಿದೆ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)ನೇ ಕಲಮಿನ ಪ್ರಕಾರ, ಸ್ವಂತಕ್ಕಾಗಿ ಸ್ಥಿರಾಸ್ತಿ ನಿರ್ಮಿಸಿ ಅದನ್ನು ಬಂಡವಾಳ ವೆಚ್ಚವೆಂದು ತೋರಿಸಿದಾಗ ಸಾಮಗ್ರಿ ಹಾಗೂ ಗುತ್ತಿಗೆಯ ಮೇಲೆ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಕಾರ್ಖಾನೆಯ ಅಂಗಳದಲ್ಲಿ ಇಟ್ಟಿಗೆ, ಸಿಮೆಂಟಿನಿಂದ ಶಾಶ್ವತವಾಗಿ ಕಟ್ಟಿಸಿದ ಗಿಡದ ಕಟ್ಟೆ ಈ ನಿರ್ಬಂಧಕ್ಕೆ ಒಳಪಡುವ ಸಂಭವವಿದೆ. ವ್ಯವಹಾರದ ಉಪಯೋಗಕ್ಕಾಗಿ ತೆರಿಗೆ ಬಿಲ್ಲಿನ ಮೇಲೆ ಕೊಂಡ ಸಂಚಾರಿ ಕುಂಡಕ್ಕೆ ಈ ನಿರ್ಬಂಧ ಅನ್ವಯಿಸದು. ಆದರೆ ಕುಂಡವನ್ನು ಬೋಲ್ಟು, ಕಾಂಕ್ರೀಟು ಹಾಕಿ ನೆಲಕ್ಕೆ ಶಾಶ್ವತವಾಗಿ ಬಿಗಿದರೆ ಈ ವಾದ ದುರ್ಬಲವಾಗುತ್ತದೆ.

ಅದೇ ಕಲಮಿನ ಇನ್ನೆರಡು ನಿರ್ಬಂಧಗಳನ್ನು ಮರೆಯಬಾರದು. ಕಳುವಾದ, ನಾಶವಾದ ಅಥವಾ ಉಚಿತ ಕೊಡುಗೆಯಾಗಿ ಕೊಟ್ಟ ಸರಕಿನ ಮೇಲಿನ ಕ್ರೆಡಿಟ್ಟನ್ನು ಹಿಂದಿರುಗಿಸಬೇಕು. ಬೀದಿಯಲ್ಲಿಟ್ಟ ಕುಂಡ ಕಳುವಾಗುವುದು ಅಪರೂಪವೇನಲ್ಲ. 2023ರಲ್ಲಿ ಗುರುಗ್ರಾಮದಲ್ಲಿ ಜಿ-20 ಸಭೆಗೆಂದು ಇರಿಸಿದ್ದ ಹೂಕುಂಡಗಳನ್ನು ದುಬಾರಿ ಕಾರಿನಲ್ಲಿ ತುಂಬಿಕೊಂಡು ಹೋದ ಪ್ರಕರಣ ದೇಶಕ್ಕೆಲ್ಲ ಸುದ್ದಿಯಾಗಿತ್ತು. ಮತ್ತೊಂದು, ಕಂಪನಿ ಕಾಯ್ದೆಯ 135ನೇ ಕಲಮಿನಡಿ ಸಾಮಾಜಿಕ ಹೊಣೆಗಾರಿಕೆಯ ಕಡ್ಡಾಯ ವೆಚ್ಚವಾಗಿ ಕೊಂಡ ಸರಕಿಗೆ 2023ರ ಅಕ್ಟೋಬರ್ 1ರಿಂದ ಕ್ರೆಡಿಟ್ ಇಲ್ಲ.

ಬಿಲ್ಲು ಹಾಕುವ ಕ್ರಮ

ಜೀವಂತ ಗಿಡಮರಗಳಿಗೆ ತೆರಿಗೆ ಇಲ್ಲ. ಇಂತಹ ಉಕ್ಕಿನ ತೊಟ್ಟಿಗೆ ಶೇಕಡಾ 18. 2025ರ ಸೆಪ್ಟೆಂಬರ್ 22ರ ದರ ಪರಿಷ್ಕರಣೆಯ ನಂತರವೂ ಇದು ಬದಲಾಗಿಲ್ಲ. 8,000 ರೂಪಾಯಿಯ ಕುಂಡ ಹಾಗೂ 2,000 ರೂಪಾಯಿಯ ಗಿಡವನ್ನು ಬೇರೆ ಬೇರೆಯಾಗಿ ನಮೂದಿಸಿದರೆ ತೆರಿಗೆ 1,440 ರೂಪಾಯಿ. ಎರಡನ್ನೂ ಸೇರಿಸಿ 10,000 ರೂಪಾಯಿಯ ಒಂದೇ ಬೆಲೆ ಹಾಕಿದರೆ, ಅದು ಮಿಶ್ರ ಪೂರೈಕೆಯೆನಿಸಿ ಹೆಚ್ಚಿನ ದರ ಇಡೀ ಮೊತ್ತಕ್ಕೆ ಅನ್ವಯಿಸಿದಾಗ 1,800 ರೂಪಾಯಿ. ಕುಂಡವೇ ಪ್ರಧಾನವಾದ ಸಂಯುಕ್ತ ಪೂರೈಕೆ ಎಂದು ಪರಿಗಣಿಸಿದರೂ ಫಲ ಅದೇ. ಆದುದರಿಂದ ಖರೀದಿ ಆದೇಶದಲ್ಲಿಯೇ ಎರಡಕ್ಕೂ ಪ್ರತ್ಯೇಕ ವಿವರ, ಪ್ರತ್ಯೇಕ ಬೆಲೆ ಇರಲಿ. ತೆರಿಗೆ ತಪ್ಪಿಸಲೆಂದು ಗಿಡದ ಬೆಲೆಯನ್ನು ಏರಿಸಿ ತೋರಿಸುವುದು ಮಾತ್ರ ಸಲ್ಲದು. ನರ್ಸರಿಯ ಖರೀದಿ ಬಿಲ್ಲು ಕೈಯಲ್ಲಿರಬೇಕು. ತೆರಿಗೆಯಿಲ್ಲದ ಗಿಡಗಳನ್ನೂ ಮಾರುವ ಘಟಕವು ಬಾಡಿಗೆ, ದೂರವಾಣಿ ಮೊದಲಾದ ಸಾಮಾನ್ಯ ವೆಚ್ಚಗಳ ಕ್ರೆಡಿಟ್ಟಿನಲ್ಲಿ ಪ್ರಮಾಣಾನುಸಾರ ಒಂದು ಭಾಗವನ್ನು ಹಿಂದಿರುಗಿಸಬೇಕೆಂಬುದನ್ನೂ ನೆನಪಿಡಬೇಕು.

ನಿರ್ವಹಣೆಯ ಗುತ್ತಿಗೆ ಬೇರೆ ವಿಷಯ. ಖಾಸಗಿಯವರಿಗೆ ಮಾಡಿದರೆ ಅದು ತೆರಿಗೆಗೊಳಪಡುವ ಸೇವೆ. ನಗರ ಪಾಲಿಕೆಗೆ ಮಾಡಿದಾಗ ಸನ್ನಿವೇಶ ಬದಲಾಗಬಹುದು. ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಅರಣ್ಯೀಕರಣ, ಪರಿಸರ ಸಂರಕ್ಷಣೆ, ಉದ್ಯಾನಗಳು ಪಾಲಿಕೆಗಳ ಕರ್ತವ್ಯಗಳಾಗಿ ಸೇರಿವೆ. ಆ ಕರ್ತವ್ಯಗಳಿಗೆ ಸಂಬಂಧಿಸಿ ಪಾಲಿಕೆಗೆ ಒದಗಿಸುವ ಶುದ್ಧ ಸೇವೆಗೂ, ಸರಕಿನ ಪಾಲು ಶೇಕಡಾ 25ನ್ನು ಮೀರದ ಸಂಯುಕ್ತ ಪೂರೈಕೆಗೂ 2017ರ 12ನೇ ಅಧಿಸೂಚನೆಯಲ್ಲಿ ವಿನಾಯಿತಿ ಇದೆ. ಕುಂಡಗಳ ಮಾರಾಟವನ್ನೂ ನಿರ್ವಹಣೆಯನ್ನೂ ಒಂದೇ ಟೆಂಡರಿನಲ್ಲಿ ಬೆರೆಸಿದರೆ ಸರಕಿನ ಪಾಲು ಮಿತಿ ಮೀರಿ ವಿನಾಯಿತಿ ತಪ್ಪುತ್ತದೆ. ದರ ನಮೂದಿಸುವ ಮುನ್ನ ಇದನ್ನು ಪರಿಶೀಲಿಸಬೇಕು.

ಆದಾಯ ತೆರಿಗೆಯ ದೃಷ್ಟಿ

ಕುಂಡವು ಹಲವು ವರ್ಷ ಬಾಳುವ ವಸ್ತುವಾದುದರಿಂದ ಕೊಂಡವರ ಲೆಕ್ಕದಲ್ಲಿ ಅದು ಸಾಧಾರಣವಾಗಿ ಪೀಠೋಪಕರಣ ಮತ್ತು ಜೋಡಣೆಗಳ ವರ್ಗಕ್ಕೆ ಸೇರಿ ಶೇಕಡಾ 10ರ ಸವಕಳಿಗೆ ಅರ್ಹವಾಗುತ್ತದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅದರ ಅರ್ಧ. 'ಪ್ಲಾಂಟ್' ಎಂಬ ಪದ ಕಂಡು ಶೇಕಡಾ 15ರ ಸವಕಳಿ ಕೇಳಿದವರೂ ಉಂಟು. ತೆರಿಗೆ ಕಾನೂನಿನ 'ಪ್ಲಾಂಟ್' ಎಂದರೆ ಯಂತ್ರಸ್ಥಾವರವೇ ಹೊರತು ಗಿಡವಲ್ಲ. ಚಹಾ ಗಿಡಗಳನ್ನು ಹೆಸರು ಹೇಳಿಯೇ 1961ರ ಕಾಯ್ದೆ ಆ ವ್ಯಾಖ್ಯೆಯಿಂದ ಹೊರಗಿಟ್ಟಿತ್ತು. ಗಿಡ ಬದಲಿಸುವುದು, ಮಣ್ಣು, ಗೊಬ್ಬರ, ನೀರು, ಕೂಲಿ ಇವೆಲ್ಲ ಆಯಾ ವರ್ಷದ ಕಂದಾಯ ವೆಚ್ಚ. ಬಾಡಿಗೆಗೆ ತಂದರೆ ಬಾಡಿಗೆಯೂ ಹಾಗೆಯೇ. ಕಾನೂನು ಉಲ್ಲಂಘನೆಗಾಗಿ ಕಟ್ಟಿದ ದಂಡವನ್ನು ಮಾತ್ರ ವ್ಯವಹಾರದ ಖರ್ಚೆಂದು ಕಳೆಯುವಂತಿಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ವೆಚ್ಚಕ್ಕೂ ವ್ಯವಹಾರದ ಖರ್ಚೆಂಬ ಕಡಿತ ಇಲ್ಲ. 1961ರ ಕಾಯ್ದೆಯ ಸ್ಥಾನಕ್ಕೆ 2025ರ ಆದಾಯ ತೆರಿಗೆ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ತರಲಾಗಿದ್ದು, ಕಲಮುಗಳ ಸಂಖ್ಯೆ ಬದಲಾದರೂ ಈ ತತ್ತ್ವಗಳು ಮುಂದುವರಿದಿವೆ.

ಪಾದಚಾರಿ ಮಾರ್ಗ ನಮ್ಮದಲ್ಲ

ಅಂಗಡಿಯ ಮುಂದಿನ ಪಾದಚಾರಿ ಮಾರ್ಗ ಅಂಗಡಿಯವರದಲ್ಲ. ವಾಹನ ನಿಲ್ಲಿಸದಂತೆ ತಡೆಯಲು ರಸ್ತೆಯಂಚಿಗೆ ಕುಂಡ ಇಡುವ ಅಭ್ಯಾಸ ನಗರದಲ್ಲಿ ವ್ಯಾಪಕವಾಗಿದೆ. ಹಸಿರಿನ ಹೆಸರಿನಲ್ಲಿ ಮಾಡಿದರೂ ಅದು ಒತ್ತುವರಿಯೇ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಪಾದಚಾರಿಗಳಿಗೆ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರದ ಅಡೆತಡೆಯಿಲ್ಲದ ಜಾಗ ಇರಬೇಕು. ಗಾಲಿಕುರ್ಚಿಯವರಿಗೂ ಕಣ್ಣು ಕಾಣದವರಿಗೂ ಒಂದು ಕುಂಡ ದೊಡ್ಡ ಅಡ್ಡಿ. ಸ್ವಂತ ಆವರಣದ ಒಳಗೆ ಇಡುವಾಗಲೂ ಅಗ್ನಿಶಾಮಕ ವಾಹನದ ದಾರಿ ಬಿಡಬೇಕು. ಸಾರ್ವಜನಿಕ ಜಾಗದಲ್ಲಿ ಇಡಬೇಕೆಂದಿದ್ದರೆ ಪಾಲಿಕೆಯ ಲಿಖಿತ ಅನುಮತಿ ಅವಶ್ಯ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಿದ್ದು, ಯಲಹಂಕ, ಹೆಬ್ಬಾಳದ ಕಡೆಯವರು ಬೆಂಗಳೂರು ಉತ್ತರ ನಗರ ಪಾಲಿಕೆಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. ಒಬ್ಬೊಬ್ಬರೇ ಕೇಳುವುದಕ್ಕಿಂತ ಒಂದು ಬೀದಿಯ ವರ್ತಕರು ಸಂಘವಾಗಿ, ನಿರ್ವಹಣೆಯ ಹೊಣೆ ಹೊತ್ತು ಕೇಳುವುದು ಹೆಚ್ಚು ಫಲಕಾರಿ.

ಬಾಕಿ ಹಣದ ರಕ್ಷಣೆ

ಮೊದಲ ಕಕ್ಷಿದಾರರ ಪ್ರಶ್ನೆಗೆ ಉತ್ತರ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಲ್ಲಿದೆ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಸರಕನ್ನು ಒಪ್ಪಿಕೊಂಡಂತೆಯೇ. ಹಣ ಪಾವತಿಗೆ ಲಿಖಿತ ಕರಾರಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅವಧಿಯೊಳಗೆ ಪಾವತಿಸದ ಖರೀದಿದಾರರಿಗೆ, ಪಾವತಿಸುವವರೆಗೆ ಆದಾಯ ತೆರಿಗೆಯಲ್ಲಿ ಆ ಖರ್ಚಿನ ಕಡಿತವೂ ಸಿಗುವುದಿಲ್ಲ. ಇದು ಸೂಕ್ಷ್ಮ ಹಾಗೂ ಸಣ್ಣ ತಯಾರಕರಿಗೆ, ಸೇವಾ ಉದ್ಯಮಗಳಿಗೆ ಇರುವ ರಕ್ಷಣೆ. ಕೇವಲ ಮಾರಾಟ ವ್ಯಾಪಾರ ಮಾಡುವವರ ಉದ್ಯಮ್ ನೋಂದಣಿ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ.

ನಮ್ಮ ಕಕ್ಷಿದಾರರಿಗೆ ಲಿಖಿತ ಆಕ್ಷೇಪಣೆ ಬಂದಿರಲೇ ಇಲ್ಲ. ನಾಲ್ಕು ತಿಂಗಳ ನಂತರ ಬಾಯಿಮಾತಿನ ದೂರು ಬಂದಿತ್ತು. ಕಾನೂನು ಅವರ ಕಡೆಗಿತ್ತು. ಆದರೆ ಸರಬರಾಜಿನ ಹೊತ್ತಿಗೆ ಅವರು ಉದ್ಯಮ್ ನೋಂದಣಿ ಮಾಡಿಸಿರಲಿಲ್ಲ. ಖರೀದಿ ಆದೇಶದಲ್ಲಿ 'ಗಿಡಸಹಿತ ಕುಂಡ 40' ಎಂಬ ಒಂದೇ ಸಾಲು ಇತ್ತು. ಗಿಡವನ್ನು ಎಷ್ಟು ದಿನ ಯಾರು ಉಳಿಸಬೇಕೆಂಬುದು ಎಲ್ಲಿಯೂ ಇರಲಿಲ್ಲ. ಕೊನೆಗೆ ತಡೆಹಿಡಿದ ಮೊತ್ತದ ಅರ್ಧಕ್ಕೆ ರಾಜಿಯಾದರು.

ಒಪ್ಪಂದದಲ್ಲಿ ಇರಲೇಬೇಕಾದ ಅಂಶಗಳು

1. ಮಾಲೀಕತ್ವ: ಕುಂಡ ಮಾರಾಟವೋ ಬಾಡಿಗೆಯೋ, ಗಿಡ ಯಾರ ಸ್ವತ್ತು.

2. ಸ್ಥಳ: ಎಲ್ಲಿ ಇರಿಸಬೇಕು, ಆ ಜಾಗದ ಅನುಮತಿ ಪಡೆಯುವವರು ಯಾರು, ಸ್ಥಳಾಂತರಿಸಬೇಕಾದರೆ ಖರ್ಚು ಯಾರದು.

3. ನೀರು: ಯಾವ ಮೂಲದ ನೀರು, ಎಷ್ಟು ದಿನಕ್ಕೊಮ್ಮೆ, ಯಾರು ಹಾಕಬೇಕು. ಇದಕ್ಕೆ ಪ್ರತ್ಯೇಕ ದರ.

4. ಗಿಡದ ಖಾತರಿ: ಎಷ್ಟು ದಿನ, ಯಾವ ಷರತ್ತಿನ ಮೇಲೆ. ನೀರಿನ ಹೊಣೆ ಖರೀದಿದಾರರದಾದರೆ ಖಾತರಿ ತಲುಪಿಸಿದ ದಿನಕ್ಕೇ ಮುಗಿಯುತ್ತದೆಂಬ ಸ್ಪಷ್ಟ ನಮೂದು.

5. ಒಪ್ಪಿಗೆ: ತಲುಪಿಸಿದ ದಿನವೇ ಗಿಡಗಳ ಎಣಿಕೆ, ಛಾಯಾಚಿತ್ರ, ಸಹಿ.

6. ಕಳವು ಮತ್ತು ಹಾನಿ: ವಿಮೆ ಯಾರು ಮಾಡಿಸಬೇಕು, ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು.

7. ಅಂತ್ಯ: ಅವಧಿ ಮುಗಿದ ಮೇಲೆ ಮರವನ್ನು ಎಲ್ಲಿ ನೆಡಬೇಕು, ಖಾಲಿ ಕುಂಡ ಯಾರಿಗೆ.

ಏಳನೆಯ ಅಂಶವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಬರೆದರೆ ಖರೀದಿದಾರರಿಗೆ ತಾವು ಕೊಳ್ಳುತ್ತಿರುವುದು ಅಲಂಕಾರವಲ್ಲ, ನಾಳೆ ನೆಲಕ್ಕೆ ಹೋಗಬೇಕಾದ ಮರ ಎಂಬ ಅರಿವು ಮೂಡುತ್ತದೆ. ತಯಾರಕರಿಗೆ ಖಾಲಿ ಕುಂಡವನ್ನು ಹಿಂದಕ್ಕೆ ಕೊಂಡು ಹೊಸ ಗಿಡದೊಂದಿಗೆ ಮತ್ತೆ ಕೊಡುವ ವ್ಯಾಪಾರವೂ ತೆರೆಯುತ್ತದೆ.

ಆರ್.ಟಿ. ನಗರದ ವರ್ತಕರು ಆರರಲ್ಲಿ ನಾಲ್ಕು ಕುಂಡಗಳನ್ನು ತಮ್ಮ ಮೆಟ್ಟಿಲಿನ ಇಕ್ಕೆಲಕ್ಕೆ, ಸ್ವಂತ ಜಾಗದೊಳಗೆ ಸರಿಸಿಕೊಂಡರು. ಉಳಿದೆರಡನ್ನು ಸಮೀಪದ ಶಾಲೆಯೊಂದಕ್ಕೆ ಕೊಟ್ಟರು. ಹಾಗೆ ಕೊಟ್ಟ ಎರಡು ಕುಂಡಗಳ ಮೇಲಿನ ಇನ್‌ಪುಟ್ ಕ್ರೆಡಿಟ್ಟನ್ನು ಹಿಂದಿರುಗಿಸಬೇಕೆಂದು ನಾನು ಹೇಳಿದಾಗ, "ದಾನ ಮಾಡಿದರೂ ತೆರಿಗೆಯೇ ಸಾರ್?" ಎಂದು ನಕ್ಕರು. ಯಶವಂತಪುರದವರು ಉದ್ಯಮ್ ನೋಂದಣಿ ಮಾಡಿಸಿದ್ದಾರೆ. ಮೊನ್ನೆ ತಂದ ಹೊಸ ಆದೇಶದ ಕರಡಿನಲ್ಲಿ ನೀರಿಗೆ ಪ್ರತ್ಯೇಕ ಸಾಲು ಇದೆ, ಅದರ ಮುಂದೆ ಪ್ರತ್ಯೇಕ ದರವೂ ಇದೆ.